ಮೇ 14ರ ರಾತ್ರಿ ಗೆರೆ ಅಲುಗಲಿಲ್ಲ: ಕೊಟ್ಟಿಗೆಯ ಆಂಟೆನಾದಿಂದ ಸೌರಜ್ವಾಲೆಗಳನ್ನು ದಾಖಲಿಸಿದ ನನ್ನ ಅನುಭವ

2024ರ ಮೇ 14ರಂದು ರಾತ್ರಿ 10 ಗಂಟೆ 21 ನಿಮಿಷಕ್ಕೆ ಸೂರ್ಯನ ಮೇಲೆ ಎಕ್ಸ್ 8.7 ಪ್ರಮಾಣದ (ಎಕ್ಸ್ ಎಂದರೆ ಅತ್ಯಂತ ಬಲವಾದ ದರ್ಜೆ) ಜ್ವಾಲೆಯೊಂದು ತನ್ನ ತುತ್ತತುದಿ ಮುಟ್ಟಿತು. ಆ ಹೊತ್ತಿಗೆ ಅದು 25ನೆಯ ಸೌರಚಕ್ರದ (ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುವ ಸುತ್ತು) ಅತ್ಯಂತ ಬಲವಾದ ಜ್ವಾಲೆಯಾಗಿತ್ತು. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ, ದೂರದ ರೇಡಿಯೋ ಪ್ರಸಾರ ನನ್ನ ಆಂಟೆನಾವನ್ನು ಎಷ್ಟು ಬಲವಾಗಿ ತಲುಪಿತೆಂದು ಗೆರೆಯಾಗಿ ಬರೆದಿಡುವ ದಾಖಲೆಯನ್ನು ತೆರೆದು ನೋಡಿದೆ. ರಾತ್ರಿಯ ಸಹಜವಾದ ಸಣ್ಣ ಏರಿಳಿತಗಳ ಹೊರತು ಗೆರೆಯಲ್ಲಿ ಏನೂ ಇರಲಿಲ್ಲ. ಅದಕ್ಕೆ ನಾಲ್ಕು ದಿನ ಮೊದಲು, ಇದರ ಅರ್ಧದಷ್ಟೂ ಬಲವಿಲ್ಲದ ಜ್ವಾಲೆಯೊಂದು ಅದೇ ಗೆರೆಯನ್ನು ಗೋಡೆ ಹತ್ತಿಸಿದಂತೆ ಮೇಲೇರಿಸಿತ್ತು. ನಾನು ಎರಡು ವರ್ಷದಿಂದ ಮಾಡಿಕೊಂಡು ಬಂದ ಕೆಲಸದಲ್ಲಿ ಅತಿ ಹೆಚ್ಚು ಕಲಿಸಿದ್ದು ಆ ಖಾಲಿ ರಾತ್ರಿಯೇ ಎಂದು ಈಗ ಅನ್ನಿಸುತ್ತದೆ. ಅದು ಏಕೆ ಖಾಲಿಯಾಗಿತ್ತು ಎಂಬುದನ್ನು ಹೇಳಬೇಕಾದರೆ ಆಂಟೆನಾ ಕಟ್ಟಿದಲ್ಲಿಂದ ಆರಂಭಿಸಬೇಕಾಗುತ್ತದೆ.

ನಾನು ಶಿರಸಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಇರುವವನು. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ರೇಡಿಯೋ ತರಂಗಗಳು ಅಯಾನುಗೋಳದಿಂದ, ಅಂದರೆ ಬಿಸಿಲಿಗೆ ಅಣುಗಳಿಂದ ಬಿಡಿಸಿಕೊಂಡ ಎಲೆಕ್ಟ್ರಾನುಗಳಿರುವ ಮೇಲಿನ ವಾತಾವರಣದಿಂದ, ಹಿಂದಿರುಗಿ ಬರುತ್ತವೆ ಎಂದು ಹಲಗೆಯ ಮೇಲೆ ಒಂದು ಕಮಾನು, ಅದಕ್ಕೆ ತಾಗಿ ತಿರುಗುವ ಎರಡು ಬಾಣಗಳನ್ನು ಬರೆದು ಹಲವು ವರ್ಷ ಕಲಿಸಿದ್ದೆ. ಆ ಕಮಾನು ನಿಜಕ್ಕೂ ಅಲ್ಲಿದೆಯೆಂದು ನನಗೇ ನಾನು ಒಮ್ಮೆಯೂ ತೋರಿಸಿಕೊಂಡಿರಲಿಲ್ಲ. ವಿದ್ಯಾರ್ಥಿನಿಯೊಬ್ಬಳು "ಸರ್, ಅದು ಕೆಳಗೆ ಮೇಲೆ ಆಗುತ್ತದೆ ಎನ್ನುತ್ತೀರಲ್ಲ, ಆದದ್ದು ನಮಗೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದಾಗ ನನ್ನಲ್ಲಿ ಪುಸ್ತಕದ ಉತ್ತರವಿತ್ತು, ಕಣ್ಣಾರೆ ಕಂಡ ಉತ್ತರವಿರಲಿಲ್ಲ.

ಅಯಾನುಗೋಳದಲ್ಲಿ ನನಗೆ ಬೇಕಾಗಿದ್ದುದು ಅತಿ ಕೆಳಗಿನ ಡಿ ಪದರ. ನೆಲದಿಂದ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಅದು ಹಗಲಿನಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿ ಗಾಳಿ ಇನ್ನೂ ಸಾಕಷ್ಟು ದಟ್ಟವಾಗಿರುವುದರಿಂದ, ಬಿಸಿಲಿನಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳು ಬೇಗನೆ ಮತ್ತೆ ಸೇರಿಹೋಗುತ್ತವೆ. ಸೂರ್ಯ ಮುಳುಗಿದ ಮೇಲೆ ಪದರ ಹೆಚ್ಚು ಹೊತ್ತು ಬದುಕುವುದಿಲ್ಲ. ಶಾಂತವಾದ ದಿನ ಈ ಪದರವನ್ನು ಹುಟ್ಟಿಸುವುದು ಮುಖ್ಯವಾಗಿ 121.6 ನ್ಯಾನೋಮೀಟರ್ ಅಲೆಯುದ್ದದ ಲೈಮನ್-ಆಲ್ಫಾ ಅತಿನೇರಳೆ ಕಿರಣ. ಗಾಳಿಯಲ್ಲಿ ಬಹಳ ಅಲ್ಪ ಪ್ರಮಾಣದಲ್ಲಿರುವ ನೈಟ್ರಿಕ್ ಆಕ್ಸೈಡನ್ನು ಮಾತ್ರ ಅದು ಅಯಾನೀಕರಿಸಬಲ್ಲದು. ಸೌರಜ್ವಾಲೆ ಎದ್ದಾಗ ಲೆಕ್ಕವೇ ಬದಲಾಗುತ್ತದೆ. ಒಂದು ನ್ಯಾನೋಮೀಟರಿಗಿಂತ ಕಡಿಮೆ ಅಲೆಯುದ್ದದ ಕ್ಷ-ಕಿರಣಗಳು ನೂರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚಿ ಅಷ್ಟು ಕೆಳಗಿನವರೆಗೂ ತೂರಿಬರುತ್ತವೆ. ಅವು ಸಾರಜನಕ, ಆಮ್ಲಜನಕ ಎನ್ನದೆ ಎದುರಿಗೆ ಸಿಕ್ಕ ಅಣುಗಳಿಂದೆಲ್ಲ ಎಲೆಕ್ಟ್ರಾನುಗಳನ್ನು ಕಿತ್ತು ಹಾಕುತ್ತವೆ. ಹಗಲಿನಲ್ಲಿ ಎಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ನಮ್ಮ ರೇಡಿಯೋ ಚಾವಣಿ ಕೆಲವೇ ನಿಮಿಷಗಳಲ್ಲಿ ಹಲವು ಕಿಲೋಮೀಟರ್ ಕೆಳಗಿಳಿಯುತ್ತದೆ. ಅದರ ಕೆಳ ಅಂಚೂ ಹೆಚ್ಚು ಚೂಪಾಗುತ್ತದೆ.

ಈ ಇಳಿತವನ್ನು ಅಳೆಯಲು ಯಾರೋ ಸದಾ ಉರಿಸಿಟ್ಟ ದೀಪದಂತೆ ಒಂದು ಸ್ಥಿರವಾದ ಪ್ರಸಾರ ಬೇಕು. ಅಂಥ ಎರಡು ನಮಗೆ ಸಿಗುತ್ತವೆ. ಒಂದು, ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನಲ್ಲಿರುವ ಭಾರತೀಯ ನೌಕಾಪಡೆಯ ಕೇಂದ್ರ, ಅದರ 18.2 ಕಿಲೋಹರ್ಟ್ಸ್ ಪ್ರಸಾರದ ಕರೆಗುರುತು ವಿಟಿಎಕ್ಸ್. ಇನ್ನೊಂದು, ಆಸ್ಟ್ರೇಲಿಯಾದ ಪಶ್ಚಿಮ ತುದಿಯ ನಾರ್ತ್ ವೆಸ್ಟ್ ಕೇಪಿನಲ್ಲಿರುವ ಎನ್‌ಡಬ್ಲ್ಯುಸಿ, 19.8 ಕಿಲೋಹರ್ಟ್ಸಿನಲ್ಲಿ ಒಂದು ಮೆಗಾವಾಟ್ ಸಾಮರ್ಥ್ಯದ ಪ್ರಸಾರ. ನೀರಿನಡಿಯ ಜಲಾಂತರ್ಗಾಮಿಗಳಿಗೆ ಸಂದೇಶ ಕಳುಹಿಸಲು ಕಟ್ಟಿದ ಕೇಂದ್ರಗಳಿವು. ಸಂದೇಶಗಳು ಗೂಢಲಿಪಿಯಲ್ಲಿರುತ್ತವೆ, ಅವುಗಳ ಗೊಡವೆ ನಮಗೆ ಬೇಕಾಗಿಲ್ಲ. ಪ್ರಸಾರ ಎಷ್ಟು ಬಲವಾಗಿ ಬಂದು ತಲುಪಿತು ಎಂಬುದಷ್ಟೇ ಸಾಕು. ನಮ್ಮ ಮನೆಯಿಂದ ವಿಟಿಎಕ್ಸ್ ಸುಮಾರು 760 ಕಿಲೋಮೀಟರ್, ಎನ್‌ಡಬ್ಲ್ಯುಸಿ ಸುಮಾರು 5,900 ಕಿಲೋಮೀಟರ್. ಎರಡೂ ಆಗ್ನೇಯದ ಕಡೆಗೇ ಇವೆ, ಎರಡರ ದಿಕ್ಕುಗಳ ನಡುವೆ ಇಪ್ಪತ್ತೆರಡು ಡಿಗ್ರಿಯಷ್ಟೇ ಅಂತರ. ಹಾಗಾಗಿ ಒಂದೇ ಆಂಟೆನಾವನ್ನು ಎರಡರ ನಡುವಿನ ದಿಕ್ಕಿಗೆ ನಿಲ್ಲಿಸಿದರೆ ಎರಡಕ್ಕೂ ಆಗುತ್ತದೆ.

ಚೌಕಟ್ಟಿಗೆ ಅಡಿಕೆ ದಬ್ಬೆ ಬಳಸಿದೆ. ನಮ್ಮಲ್ಲಿ ಅದಕ್ಕೆ ಬರವಿಲ್ಲ, ಕಬ್ಬಿಣದಂತೆ ತರಂಗಕ್ಕೆ ಅಡ್ಡಿಯನ್ನೂ ಮಾಡುವುದಿಲ್ಲ. ಎರಡು ದಬ್ಬೆಗಳನ್ನು ಅಡ್ಡಡ್ಡ ಕಟ್ಟಿ, ಒಂದೊಂದು ಬದಿ ಒಂದು ಮೀಟರ್ ಬರುವಂತೆ ಚೌಕ ಮಾಡಿ, ತುದಿಗಳಲ್ಲಿ ಗರಗಸದಿಂದ ಕಚ್ಚು ಕೊಯ್ದು, ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಯಿಂದ ತಂದ ಎನಾಮಲ್ ತಾಮ್ರದ ತಂತಿಯನ್ನು 30 ಸುತ್ತು ಸುತ್ತಿದೆ. ಒಟ್ಟು 120 ಮೀಟರ್ ತಂತಿ. ಸುತ್ತುವಾಗ ಅಪ್ಪಯ್ಯ ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು. "ತಮಾ, ಇದೆಂತಕ್ಕೆ?" ಎಂದರು. ಸೂರ್ಯನಲ್ಲಿ ಸ್ಫೋಟವಾದರೆ ಇದರಲ್ಲಿ ಗೊತ್ತಾಗುತ್ತದೆ ಎಂದೆ. ಅವರು ಬೇರೇನೂ ಕೇಳಲಿಲ್ಲ. ಎದ್ದು ಬಂದು ತಂತಿಯ ಸುರುಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಾನು ಎಳೆದಷ್ಟೂ ಬಿಡುತ್ತಾ ಬಂದರು. ಒಂದು ಸುತ್ತೂ ಸಿಕ್ಕಾಗಲಿಲ್ಲ.

ತಂತಿಯ ತುದಿಗಳಿಂದ ಬರುವ ಕ್ಷೀಣ ವಿದ್ಯುತ್ತನ್ನು ಆಪ್-ಆಂಪ್ ಎಂಬ ವರ್ಧಕ ಚಿಪ್ ಇರುವ ಸಣ್ಣ ಸರ್ಕಿಟ್ಟೊಂದು ಹಿಗ್ಗಿಸುತ್ತದೆ. ಅದನ್ನು ಹಳೆಯ ಲ್ಯಾಪ್‌ಟಾಪಿನ ಸೌಂಡ್ ಕಾರ್ಡಿಗೆ ಕೊಟ್ಟೆ. ಸೆಕೆಂಡಿಗೆ 48,000 ಮಾದರಿ ತೆಗೆದುಕೊಳ್ಳುವ ಕಾರ್ಡು 24 ಕಿಲೋಹರ್ಟ್ಸ್‌ವರೆಗಿನ ಆವರ್ತನಗಳನ್ನು ಗುರುತಿಸಬಲ್ಲದಾದ್ದರಿಂದ, ನಮಗೆ ಬೇಕಾದ ಎರಡೂ ಪ್ರಸಾರಗಳು ಅದರೊಳಗೇ ಬರುತ್ತವೆ. ಈ ಆವರ್ತನಗಳು ಹೆಚ್ಚುಕಡಿಮೆ ಧ್ವನಿಯ ಆವರ್ತನಗಳೇ. ಆದ್ದರಿಂದ ಬೇರೆ ರಿಸೀವರ್ ಬೇಕಾಗಲಿಲ್ಲ. ಐದು ಸೆಕೆಂಡಿಗೊಮ್ಮೆ ಎರಡೂ ಪ್ರಸಾರಗಳ ಬಲವನ್ನು ಕಡತದಲ್ಲಿ ಬರೆದಿಡುವಂತೆ ವ್ಯವಸ್ಥೆ ಮಾಡಿದೆ.

ನಿಜವಾದ ಕೆಲಸ ಇದ್ದದ್ದು ಗದ್ದಲದ ವಿರುದ್ಧ. ಮೊದಲ ವಾರ ಆಂಟೆನಾ ಮನೆಯ ಅಟ್ಟದಲ್ಲಿತ್ತು, ದಾಖಲೆಯ ತುಂಬ ಮನೆಯ ಪುರಾಣವೇ ಇತ್ತು. ಎಲ್‌ಇಡಿ ಬಲ್ಬು ಹಾಕಿದರೆ ಒಂದು ಮೆಟ್ಟಿಲು, ಇನ್ವರ್ಟರ್ ಚಾರ್ಜಿಗೆ ಹೋದರೆ ಇನ್ನೊಂದು, ಫ್ಯಾನಿನ ರೆಗ್ಯುಲೇಟರು ತಿರುಗಿಸಿದರೆ ಹುಲ್ಲಿನಂತೆ ದಟ್ಟವಾದ ಗೆರೆಗಳು. ಕೊನೆಗೆ ಆಂಟೆನಾವನ್ನು ಮನೆಯಿಂದ 40 ಮೀಟರ್ ದೂರದ, ಕರೆಂಟಿನ ಸಂಪರ್ಕವೇ ಇಲ್ಲದ ಹಳೆಯ ಕೊಟ್ಟಿಗೆಗೆ ಸಾಗಿಸಿ, ಆಂಪ್ಲಿಫೈಯರಿಗೆ 12 ವೋಲ್ಟಿನ ಬ್ಯಾಟರಿ ಇಟ್ಟು, ಅಲ್ಲಿಂದ ಟಿವಿ ಕೇಬಲ್ ಎಳೆದೆ. ಗೆರೆ ಅಂದಿನಿಂದ ತಿಳಿಯಾಯಿತು. ಮಲೆನಾಡಿನ ಮೇ ತಿಂಗಳ ಮುಂಗಾರುಪೂರ್ವ ಗುಡುಗು ಮಾತ್ರ ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ಪ್ರತಿ ಮಿಂಚೂ ಈ ಆವರ್ತನಗಳಲ್ಲಿ ತಾನೇ ಒಂದು ಪ್ರಸಾರ ಕೇಂದ್ರ. ಗುಡುಗು ಸಮೀಪಿಸಿದರೆ ಕೇಬಲ್ ಕಳಚಿ ಇಡುತ್ತೇನೆ. ಈ ಕೆಲಸ ಮಾಡ ಹೊರಟವರೆಲ್ಲ ಹಾಗೆ ಮಾಡಲೇಬೇಕು.

ಆರಂಭದಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಎನ್‌ಡಬ್ಲ್ಯುಸಿ ಗೆರೆ ಒಂದು ಬೆಳಿಗ್ಗೆ ದಿಢೀರನೆ ಕುಸಿದು, ಕೆಲವು ಗಂಟೆಗಳ ನಂತರ ಅಷ್ಟೇ ದಿಢೀರನೆ ಎದ್ದಿತು. ಇದೇ ಸೌರಜ್ವಾಲೆಯ ಗುರುತು ಎಂದುಕೊಂಡು ಅದನ್ನು ತರಗತಿಯಲ್ಲಿಯೂ ತೋರಿಸಿದೆ. ಸಂಜೆ ಅಮೆರಿಕದ ಗೋಸ್ ಉಪಗ್ರಹದ ಕ್ಷ-ಕಿರಣ ದಾಖಲೆಯೊಂದಿಗೆ ಹೋಲಿಸಿದಾಗ ಆ ಹೊತ್ತಿನಲ್ಲಿ ಸೂರ್ಯ ತಣ್ಣಗಿದ್ದ. ಪ್ರಸಾರ ಕೇಂದ್ರವನ್ನೇ ನಿರ್ವಹಣೆಗಾಗಿ ನಿಲ್ಲಿಸಿದ್ದರು. ಮರುದಿನ ಅದೇ ತರಗತಿಯಲ್ಲಿ ತಪ್ಪನ್ನು ತಿದ್ದಿ ಹೇಳಿದೆ. ಅಂದಿನಿಂದ ಆಕಾರ ನೋಡದೆ ಏನನ್ನೂ ಜ್ವಾಲೆ ಎಂದು ಕರೆದಿಲ್ಲ. ಸ್ವಿಚ್ಚು ಆರಿಸಿದ ಗುರುತು ಎರಡೂ ಕಡೆ ಕಡಿದಂತೆ ನೆಟ್ಟಗಿರುತ್ತದೆ. ಜ್ವಾಲೆಯ ಗುರುತು ಕೆಲವು ನಿಮಿಷಗಳಲ್ಲಿ ಏರಿ, ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ನಿಧಾನವಾಗಿ ಇಳಿಯುತ್ತದೆ. ಒಂದು ಕಡೆ ಕಡಿದಾದ, ಇನ್ನೊಂದು ಕಡೆ ಇಳಿಜಾರಾದ ನಮ್ಮ ಘಟ್ಟದ ಹಾಗೆ.

2024ರ ಮೇ ತಿಂಗಳ ಮೊದಲ ಹತ್ತು ದಿನಗಳಲ್ಲಿ 13664 ಎಂಬ ಸಂಖ್ಯೆಯ ಸೌರಕಲೆಗಳ ಗುಂಪು ಭೂಮಿಯ ವ್ಯಾಸದ ಸುಮಾರು 15 ಪಟ್ಟು ಅಗಲಕ್ಕೆ ಬೆಳೆಯಿತು. 7ನೆಯ ತಾರೀಖು ನಮ್ಮ ಜಿಲ್ಲೆಯಲ್ಲಿ ಲೋಕಸಭೆಯ ಮತದಾನವಿತ್ತು. ಮತಗಟ್ಟೆಯ ಕೆಲಸ ಮುಗಿಸಿ ತಡರಾತ್ರಿ ಮನೆ ಸೇರಿದ ನನಗೆ ಮರುದಿನದಿಂದ ನಿದ್ದೆ ಮಾಡಲು ಪುರುಸೊತ್ತಿರಲಿಲ್ಲ. 8ರ ಬೆಳಿಗ್ಗೆ ಎಕ್ಸ್ ದರ್ಜೆಯ ಒಂದು ಜ್ವಾಲೆ, 9ರ ಮಧ್ಯಾಹ್ನ 2 ಗಂಟೆ 43 ನಿಮಿಷಕ್ಕೆ ಎಕ್ಸ್ 2.2. ದರ್ಜೆಯ ಲೆಕ್ಕ ಹೀಗೆ: ಭೂಮಿಯ ಬಳಿ ಪ್ರತಿ ಚದರ ಮೀಟರಿಗೆ ಒಂದು ವಾಟಿನ ಹತ್ತು ಸಾವಿರದ ಒಂದು ಭಾಗದಷ್ಟು ಕ್ಷ-ಕಿರಣ ಶಕ್ತಿ ತಲುಪಿದರೆ ಅದು ಎಕ್ಸ್ 1, ಅದರ ಹತ್ತನೆಯ ಒಂದು ಭಾಗ ಎಂ 1, ಅದರ ಹತ್ತನೆಯ ಒಂದು ಭಾಗ ಸಿ 1. ನನ್ನ ಆಂಟೆನಾದಲ್ಲಿ ನಡುಹಗಲಿನ ಹೊತ್ತು ಸಿ ದರ್ಜೆಯ ಬಲವಾದ ಜ್ವಾಲೆಗಳೂ ಗುರುತು ಬಿಡುತ್ತವೆ.

10ನೆಯ ತಾರೀಖು ಅಕ್ಷಯ ತೃತೀಯ. ಮಧ್ಯಾಹ್ನ 12 ಗಂಟೆ ಕಳೆದಿತ್ತು, ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿದ್ದ. ನಾನು ಪರದೆಯ ಎದುರು ಕುಳಿತಿದ್ದೆ. ಪಕ್ಕದಲ್ಲಿ ಶಾರ್ಟ್‌ವೇವ್ ರೇಡಿಯೋ ಸಣ್ಣಗೆ ಉಲಿಯುತ್ತಿತ್ತು. ಎನ್‌ಡಬ್ಲ್ಯುಸಿ ಗೆರೆ ಮೊದಲು ಸಣ್ಣಗೆ ಬಾಗಿತು, ಆಮೇಲೆ ನೆಟ್ಟಗೆ ಏರತೊಡಗಿತು. ಐದೈದು ಸೆಕೆಂಡಿಗೆ ಒಂದೊಂದು ಚುಕ್ಕೆ, ಪ್ರತಿ ಚುಕ್ಕೆಯೂ ಹಿಂದಿನದಕ್ಕಿಂತ ಮೇಲೆ. ಕೈ ಮೈಯೆಲ್ಲ ಜುಮ್ಮೆಂದಿತು. ಕ್ಷ-ಕಿರಣಗಳು 12 ಗಂಟೆ 24 ನಿಮಿಷಕ್ಕೆ ತುದಿ ಮುಟ್ಟಿದ್ದವೆಂದು, ಪ್ರಮಾಣ ಎಕ್ಸ್ 3.9 ಎಂದು ಆಮೇಲೆ ಉಪಗ್ರಹದ ದಾಖಲೆಯಿಂದ ತಿಳಿಯಿತು. ನನ್ನ ಗೆರೆ ತುದಿ ಮುಟ್ಟಿದ್ದು ಎರಡು ನಿಮಿಷ ತಡವಾಗಿ.

ಈ ಎರಡು ನಿಮಿಷವನ್ನು ಗಡಿಯಾರದ ದೋಷವೆಂದು ಭಾವಿಸಿ ಲ್ಯಾಪ್‌ಟಾಪಿನ ವೇಳೆಯನ್ನು ಮತ್ತೆ ಮತ್ತೆ ಪರೀಕ್ಷಿಸಿದೆ. ದೋಷ ಇರಲಿಲ್ಲ. ಅಯಾನುಗೋಳದಲ್ಲಿ ಎಲೆಕ್ಟ್ರಾನುಗಳು ಹುಟ್ಟುವುದೂ ಮತ್ತೆ ಸೇರಿಹೋಗುವುದೂ ಒಟ್ಟಿಗೇ ನಡೆಯುತ್ತಿರುತ್ತವೆ. ಹುಟ್ಟುವ ವೇಗ ಇಳಿಯಲು ಶುರುವಾದ ಮೇಲೂ, ಸೇರಿಹೋಗುವ ವೇಗ ಅದನ್ನು ಸರಿಗಟ್ಟುವವರೆಗೆ ಎಲೆಕ್ಟ್ರಾನುಗಳ ಒಟ್ಟು ಸಂಖ್ಯೆ ಏರುತ್ತಲೇ ಇರುತ್ತದೆ. ನಲ್ಲಿಯನ್ನು ಸ್ವಲ್ಪ ತಿರುಗಿಸಿ ಕಡಿಮೆ ಮಾಡಿದರೂ ತೂತಿರುವ ಕೊಡದಲ್ಲಿ ನೀರು ಕೆಲವು ಕ್ಷಣ ಏರಿದ ಹಾಗೆ. ಅಯಾನುಗೋಳದ ಅಸ್ತಿತ್ವವನ್ನು 1924ರ ಪ್ರಯೋಗದಿಂದ ತೋರಿಸಿ 1947ರಲ್ಲಿ ನೊಬೆಲ್ ಪಡೆದ ಎಡ್ವರ್ಡ್ ಆಪಲ್‌ಟನ್ ಈ ನಿಧಾನದ ಬಗ್ಗೆಯೂ ಬರೆದಿದ್ದಾರೆ. ನನ್ನ ಮಟ್ಟಿಗೆ ಇದು ಇಡೀ ಪ್ರಯೋಗದ ಅತ್ಯಂತ ಸೊಗಸಾದ ಅಂಶ: ಎಪ್ಪತ್ತು ಕಿಲೋಮೀಟರ್ ಮೇಲಿನ ಎಲೆಕ್ಟ್ರಾನುಗಳು ಎಷ್ಟು ಬೇಗ ಮತ್ತೆ ಸೇರಿಹೋಗುತ್ತವೆ ಎಂಬುದನ್ನು ಕೊಟ್ಟಿಗೆಯಲ್ಲಿ ನಿಂತ ತಂತಿ ಅಳೆದು ಹೇಳುತ್ತದೆ.

ಅದೇ ನಿಮಿಷಗಳಲ್ಲಿ ಶಾರ್ಟ್‌ವೇವ್ ರೇಡಿಯೋ ಬೇರೆಯೇ ಕಥೆ ಹೇಳುತ್ತಿತ್ತು. 7 ಮೆಗಾಹರ್ಟ್ಸಿನ ಹವ್ಯಾಸಿ ರೇಡಿಯೋ ಪಟ್ಟಿಯಲ್ಲಿ ಕೇಳಿಸುತ್ತಿದ್ದ ಮಾತುಗಳು ಬಾವಿಗೆ ಬಿದ್ದಂತೆ ಮುಳುಗಿದವು. ಮಾತುಗಳಷ್ಟೇ ಅಲ್ಲ, ಸದಾ ಇರುವ ಸುಯ್ಯೆಂಬ ಹಿನ್ನೆಲೆ ಸದ್ದೂ ಕುಗ್ಗಿತು. ದೂರದ ಮಿಂಚುಗಳಿಂದ ಬರುವ ಗದ್ದಲವೂ ಅದೇ ದಾರಿಯಲ್ಲಿ ಬರಬೇಕಲ್ಲ. ರೇಡಿಯೋ ಕೆಟ್ಟಿತೆಂದೇ ಕೇಳುವವರು ಭಾವಿಸುವಂಥ ಮೌನವದು. ಒಂದೇ ಜ್ವಾಲೆ ಒಂದು ಪ್ರಸಾರವನ್ನು ಬಲಪಡಿಸಿ ಇನ್ನೊಂದನ್ನು ಅಳಿಸುವುದು ಹೇಗೆ? ಶಾರ್ಟ್‌ವೇವ್ ತರಂಗ ಡಿ ಪದರವನ್ನು ತೂರಿ ಹೋಗಿ, ಅದಕ್ಕಿಂತ ಬಹಳ ಮೇಲಿರುವ ಎಫ್ ಪದರದಿಂದ ಬಾಗಿ, ಮತ್ತೆ ಡಿ ಪದರದ ಮೂಲಕವೇ ಇಳಿಯಬೇಕು. ತರಂಗ ಅಲುಗಿಸಿದ ಎಲೆಕ್ಟ್ರಾನುಗಳು ದಟ್ಟ ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆದು ಅದರ ಶಕ್ತಿಯನ್ನು ಅಲ್ಲಿಯೇ ಸುರಿದುಬಿಡುತ್ತವೆ. ಈ ನಷ್ಟ ಹೆಚ್ಚುಕಡಿಮೆ ಆವರ್ತನದ ವರ್ಗಕ್ಕೆ ವಿಲೋಮವಾಗಿರುವುದರಿಂದ 7 ಮೆಗಾಹರ್ಟ್ಸ್ ಮೊದಲು ಸಾಯುತ್ತದೆ. ಮೇಲಿನ ಪಟ್ಟಿಗಳು ತಡವಾಗಿ ಮುಳುಗಿ ಬೇಗ ಏಳುತ್ತವೆ. ನಮ್ಮ 18 ಮತ್ತು 19 ಕಿಲೋಹರ್ಟ್ಸಿನ ತರಂಗಗಳಾದರೋ ಪದರದೊಳಗೆ ಹೋಗುವುದೇ ಇಲ್ಲ. ಅದರ ಕೆಳ ಅಂಚಿಗೆ ತಾಗಿ ಹಿಂದಿರುಗುತ್ತವೆ. ಅಂಚು ಚೂಪಾದಷ್ಟೂ ಅವುಗಳಿಗೆ ಒಳ್ಳೆಯದು.

ಹಾಗಿದ್ದರೆ ವಿಟಿಎಕ್ಸ್ ಗೆರೆಯೂ ಏರಬೇಕಿತ್ತು. ಎನ್‌ಡಬ್ಲ್ಯುಸಿ ಸುಮಾರು 4 ಡೆಸಿಬೆಲ್ ಏರಿದಾಗ ವಿಟಿಎಕ್ಸ್ 3 ಡೆಸಿಬೆಲ್‌ನಷ್ಟು ಇಳಿಯಿತು. ಹಲವು ದಿನ ಇದು ನನ್ನನ್ನು ಕಾಡಿತು. ವಿಟಿಎಕ್ಸ್ ಹತ್ತಿರದಲ್ಲಿದೆ, ಅದರಿಂದ ನೆಲವನ್ನು ಹಿಡಿದು ಬರುವ ತರಂಗವೂ, ಅಯಾನುಗೋಳಕ್ಕೆ ತಾಗಿ ಬರುವ ತರಂಗವೂ ನಮ್ಮ ಕೊಟ್ಟಿಗೆಯಲ್ಲಿ ಒಟ್ಟಿಗೆ ಸೇರುತ್ತವೆ. ಚಾವಣಿ ಇಳಿದಾಗ ಎರಡನೆಯದರ ದಾರಿ ಕಿರಿದಾಗಿ, ಅದರ ಏರಿಳಿತ ಮೊದಲನೆಯದರ ಏರಿಳಿತಕ್ಕೆ ಹೊಂದದೆ ಹೋಗುತ್ತದೆ. ಒಂದು ಇನ್ನೊಂದನ್ನು ಸ್ವಲ್ಪ ಮಟ್ಟಿಗೆ ಕಳೆದುಹಾಕುತ್ತದೆ. ಅಂದರೆ ಗೆರೆ ಮೇಲೇರಿತೋ ಕೆಳಗಿಳಿಯಿತೋ ಎಂಬುದು ಜ್ವಾಲೆಯ ಗುಣವಲ್ಲ, ಕೇಳುವವನು ಎಲ್ಲಿ ನಿಂತಿದ್ದಾನೆ ಎಂಬುದರ ಗುಣ. ಇದನ್ನು ಅರಿಯದೆ ಬೇರೆ ಊರಿನವರ ದಾಖಲೆಯೊಂದಿಗೆ ನಮ್ಮದನ್ನು ಹೋಲಿಸಿದರೆ ಗೊಂದಲವಷ್ಟೇ ಉಳಿಯುತ್ತದೆ.

ಈ ವಿಧಾನವನ್ನು ಯಾರೂ ಹುಡುಗಾಟವೆಂದು ತಿಳಿಯಬಾರದು. 2003ರ ನವೆಂಬರ್ 4ರಂದು ಎದ್ದ ಜ್ವಾಲೆ ಎಷ್ಟು ಬಲವಾಗಿತ್ತೆಂದರೆ ಗೋಸ್ ಉಪಗ್ರಹದ ಕ್ಷ-ಕಿರಣ ಮಾಪಕ ಎಕ್ಸ್ 17ರ ಬಳಿ ತುಂಬಿಹೋಗಿ ಮುಂದೆ ಅಳೆಯದಾಯಿತು. ಅದನ್ನು ಎಕ್ಸ್ 28 ಎಂದು ಅಂದಾಜಿಸಲಾಗಿತ್ತು. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ನೀಲ್ ಥಾಮ್ಸನ್ ಮತ್ತು ಸಂಗಡಿಗರು ಪೆಸಿಫಿಕ್ ಸಾಗರ ದಾಟಿ ಬರುವ ಇಂಥದೇ ಪ್ರಸಾರಗಳನ್ನು ದಾಖಲಿಸುತ್ತಿದ್ದರು. ಅಯಾನುಗೋಳ ತುಂಬಿಹೋಗುವ ಉಪಕರಣವಲ್ಲವಾದ್ದರಿಂದ, ಅದು ಎಷ್ಟು ಕೆಳಗಿಳಿಯಿತು ಎಂಬುದನ್ನು ಲೆಕ್ಕ ಹಾಕಿ ಜ್ವಾಲೆ ಎಕ್ಸ್ 45ರಷ್ಟಿತ್ತೆಂದು ಅವರು ತೋರಿಸಿದರು.

ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಬೆಟ್ಟಗಳ ಮೇಲೆ, ಆಕಾಶ ಕೆಂಪಾದ ಚಿತ್ರಗಳು ಮರುದಿನ ಎಲ್ಲರ ಫೋನಿನಲ್ಲೂ ಓಡಾಡಿದವು. ಮಧ್ಯಾಹ್ನ ನೀವು ಹಿಡಿದ ಜ್ವಾಲೆಯೇ ಅಲ್ಲವೇ ಇದು ಎಂದು ಹಲವರು ಕೇಳಿದರು. ಅಲ್ಲ. ಜ್ವಾಲೆಯ ಕ್ಷ-ಕಿರಣಗಳು ಬೆಳಕಿನ ವೇಗದಲ್ಲಿ 8 ನಿಮಿಷ 20 ಸೆಕೆಂಡಿನಲ್ಲಿ ತಲುಪುತ್ತವೆ. ಜ್ವಾಲೆ ಕಂಡಿತು ಎನ್ನುವ ಕ್ಷಣದಲ್ಲಿಯೇ ಅದರ ಪರಿಣಾಮವೂ ಶುರುವಾಗಿರುತ್ತದೆ, ಮುನ್ನೆಚ್ಚರಿಕೆಗೆ ಎಡೆಯೇ ಇಲ್ಲ. ಹಾನ್ಲೆಯ ಆಕಾಶವನ್ನು ಕೆಂಪಾಗಿಸಿದ ಆ ಧ್ರುವಪ್ರಭೆಯನ್ನು ಹಚ್ಚಿದ್ದು ಅದೇ ಸೌರಕಲೆಗಳಿಂದ ಹಿಂದಿನ ಒಂದೆರಡು ದಿನಗಳಲ್ಲಿ ಸಿಡಿದು ಹೊರಟಿದ್ದ ಪ್ಲಾಸ್ಮಾ (ವಿದ್ಯುದಾವೇಶ ಹೊತ್ತ ಬಿಸಿ ಅನಿಲ) ಮೋಡಗಳು. ಅವು ದಾರಿ ಸವೆಸಿ ಭೂಮಿಯ ಕಾಂತಕ್ಷೇತ್ರಕ್ಕೆ ಅಪ್ಪಳಿಸಿದ್ದು ಆ ರಾತ್ರಿ. ಒಂದೇ ಮನೆಯಿಂದ ಹೊರಟ ಕಾಗದವೂ ಫೋನ್ ಕರೆಯೂ ಒಂದೇ ದಿನ ತಲುಪಿದ ಮಾತ್ರಕ್ಕೆ ಎರಡೂ ಒಂದೇ ಸುದ್ದಿಯಾಗುವುದಿಲ್ಲ.

11ರ ಬೆಳಿಗ್ಗೆ 6 ಗಂಟೆ 53 ನಿಮಿಷಕ್ಕೆ ಎಕ್ಸ್ 5.8 ಬಂತು. ಹಿಂದಿನ ದಿನದ್ದಕ್ಕಿಂತ ದೊಡ್ಡ ಜ್ವಾಲೆ, ಆದರೆ ವಿಟಿಎಕ್ಸ್ ಗೆರೆಯ ಮೇಲೆ ಹಿಂದಿನ ದಿನಕ್ಕಿಂತ ಚಿಕ್ಕ ಗುರುತು. ಸೂರ್ಯ ಹುಟ್ಟಿ ಒಂದು ಗಂಟೆಯೂ ಆಗಿರಲಿಲ್ಲ; ಓರೆಯಾಗಿ ಬರುವ ಕ್ಷ-ಕಿರಣಗಳು ಮೇಲಿನ ಗಾಳಿಯಲ್ಲಿ ಉದ್ದದ ದಾರಿ ಸವೆಸುತ್ತ ಅಲ್ಲಿಯೇ ಬಹುಪಾಲು ಖರ್ಚಾಗಿ, ಡಿ ಪದರಕ್ಕೆ ಸ್ವಲ್ಪವೇ ಉಳಿದಿತ್ತು. ಮೂರು ದಿನಗಳ ನಂತರದ ಆ ಖಾಲಿ ರಾತ್ರಿ ಇದರ ಮುಂದಿನ ಮೆಟ್ಟಿಲು. ರಾತ್ರಿ 10 ಗಂಟೆ 21 ನಿಮಿಷಕ್ಕೆ ಶಿರಸಿಯೂ ವಿಜಯನಾರಾಯಣವೂ ಆಸ್ಟ್ರೇಲಿಯಾದ ಆ ತುದಿಯೂ ಭೂಮಿಯ ನೆರಳಿನಲ್ಲಿದ್ದವು. ಎಂಟು ಸಾವಿರ ಮೈಲಿ ದಪ್ಪದ ಭೂಮಿಯೇ ಅಡ್ಡ ನಿಂತಿರುವಾಗ ಕ್ಷ-ಕಿರಣ ನಮ್ಮ ಮೇಲಿನ ಆಕಾಶವನ್ನು ಮುಟ್ಟುವುದಾದರೂ ಹೇಗೆ? ಹಗಲಿನಲ್ಲಿ ಗೆರೆ ಹಾರಿದ್ದು ಕಾಂತಕ್ಷೇತ್ರದಿಂದಲೋ, ಉಪಕರಣದ ಯಾವುದೋ ದೋಷದಿಂದಲೋ ಆಗಿದ್ದರೆ ರಾತ್ರಿಯೂ ಹಾರಬೇಕಿತ್ತು. ಹಾರದೇ ಇದ್ದುದು, ನಾನು ಅಳೆಯುತ್ತಿರುವುದು ಬಿಸಿಲಿನಲ್ಲಿರುವ ಅಯಾನುಗೋಳವನ್ನೇ ಎಂಬುದಕ್ಕೆ ಸಾಕ್ಷಿಯಾಯಿತು.

ಈ ಸಾಕ್ಷಿಯನ್ನು ಒಂದೇ ಜ್ವಾಲೆಯಲ್ಲಿ, ಒಂದೇ ಕ್ಷಣದಲ್ಲಿ ಕಾಣುವ ಅವಕಾಶ ಅಕ್ಟೋಬರ್ 3ರಂದು ಸಿಕ್ಕಿತು. ಸಂಜೆ 5 ಗಂಟೆ 48 ನಿಮಿಷಕ್ಕೆ ಎಕ್ಸ್ 9.0. ನಮ್ಮಲ್ಲಿ ಸೂರ್ಯಾಸ್ತಕ್ಕೆ ಇನ್ನೂ ಅರ್ಧ ಗಂಟೆಯಿತ್ತು, ತೋಟದ ಅಡಿಕೆ ಮರಗಳ ತುದಿಯಲ್ಲಿ ಬಿಸಿಲಿತ್ತು. ನಾರ್ತ್ ವೆಸ್ಟ್ ಕೇಪಿನಲ್ಲಿ ಆಗ ಸ್ಥಳೀಯ ವೇಳೆ ರಾತ್ರಿ 8 ಗಂಟೆ 18 ನಿಮಿಷ. ಅಲ್ಲಿಂದ ಇಲ್ಲಿಗೆ ಬರುವ ದಾರಿಯ ಬಹುಭಾಗ ಕತ್ತಲೆಯಲ್ಲಿತ್ತು. ಕಾಲೇಜಿನಿಂದ ಆಗಷ್ಟೇ ಬಂದು, ಚೀಲವನ್ನು ಹೆಗಲಿನಿಂದ ಇಳಿಸದೆಯೇ ಪರದೆ ನೋಡಿದೆ. ಕೆಳಗಿನ ವಿಟಿಎಕ್ಸ್ ಗೆರೆ ಸಂಜೆಯ ಸಹಜ ಇಳುಕಲನ್ನು ಮುರಿದು ಗುಂಡಿ ತೋಡಿತ್ತು. ಮೇಲಿನ ಎನ್‌ಡಬ್ಲ್ಯುಸಿ ಗೆರೆ ಏನೂ ಆಗದಂತೆ ಸಾಗಿತ್ತು. ಎರಡೂ ಗೆರೆಗಳನ್ನು ಒಂದೇ ಹಾಳೆಯ ಮೇಲೆ ಮುದ್ರಿಸಿ ಮರುದಿನ ತರಗತಿಗೆ ಒಯ್ದೆ. ಯಾವ ದಾರಿಯ ಮೇಲೆ ಬಿಸಿಲಿತ್ತು, ಯಾವುದರ ಮೇಲೆ ಕತ್ತಲಿತ್ತು ಎಂಬುದನ್ನು ನಾನು ಹೇಳದೆ, ಮಕ್ಕಳಿಗೆ ಭೂಪಟವನ್ನೂ ವೇಳೆಯನ್ನೂ ಮಾತ್ರ ಕೊಟ್ಟೆ. ಹತ್ತು ನಿಮಿಷದೊಳಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು, ಭೂಪಟದಲ್ಲಿ ಶಿರಸಿಗೆ ಸ್ವಲ್ಪ ಪೂರ್ವಕ್ಕೆ, ಬಂಗಾಳ ಕೊಲ್ಲಿಯನ್ನು ಹಾಯ್ದು ಬೆರಳಿನಿಂದ ಉದ್ದಕ್ಕೆ ಒಂದು ಗೆರೆ ಎಳೆದು, "ಸರ್, ಇಲ್ಲಿಂದ ಆಚೆ ರಾತ್ರಿ" ಎಂದ.